ಪಟ್ಟಿಯಲ್ಲಿ ಇಲ್ಲದ ಊರು

ಪ್ರಶ್ನೆ: ನನಗೆ ನಲವತ್ತೆಂಟು ವರ್ಷ. ಹುಬ್ಬಳ್ಳಿಯಲ್ಲಿದ್ದೇವೆ. ನಮ್ಮದು ಮೆಚ್ಚಿ ಆದ ಮದುವೆ. ನಮ್ಮ ಮನೆಯವರು ಕುಮಟಾ ಕಡೆಯವರು, ಮೀನು ಉಂಡು ಬೆಳೆದವರು. ನಾನು ಲಿಂಗಾಯತರ ಮನೆಯವಳು, ಮೊಟ್ಟೆಯನ್ನೂ ಮುಟ್ಟಿದವಳಲ್ಲ. ಮದುವೆಯಾದ ದಿನದಿಂದ ಅವರು ಮನೆಯಲ್ಲಿ ಮೀನಿನ ಮಾತೆತ್ತಿಲ್ಲ. ಭಾನುವಾರ ಹೊರಗೆ ಖಾನಾವಳಿಯಲ್ಲಿ ಉಂಡು, ಎಲೆ ಅಡಿಕೆ ಹಾಕಿಕೊಂಡು ಬರುತ್ತಾರೆ. ನನಗೆ ಗೊತ್ತು, ನನಗೆ ಗೊತ್ತಿದೆ ಅಂತ ಅವರಿಗೂ ಗೊತ್ತು. ಮಗಳು ಈ ವರ್ಷ ಓದಲು ಬೆಂಗಳೂರಿಗೆ ಹೋದಳು. ಜನವರಿಯಲ್ಲಿ ನಾವಿಬ್ಬರೇ ಎರಡು ರಾತ್ರಿ ಭಟ್ಕಳ, ಹೊನ್ನಾವರ, ಕುಮಟಾ ನೋಡಿ ಬರೋಣ ಅಂತ ಅವರು ಹಟ ಹಿಡಿದಿದ್ದಾರೆ. ಪಟ್ಟಿಯೂ ಆಗಿದೆ: ಮುರುಡೇಶ್ವರ, ನೇತ್ರಾಣಿ, ಭಟ್ಕಳದ ಬಿರಿಯಾನಿ, ಇಡಗುಂಜಿ, ಅಪ್ಸರಕೊಂಡ, ಕಾಸರಕೋಡು ಬೀಚು, ಗೇರುಸೊಪ್ಪೆ, ಜೋಗ, ಧಾರೇಶ್ವರ, ಮಿರ್ಜಾನ್ ಕೋಟೆ, ಗೋಕರ್ಣ, ಓಂ ಬೀಚು, ಯಾಣ, ವಿಭೂತಿ ಜಲಪಾತ. ಎರಡು ವರ್ಷದ ಹಿಂದೆ ಮೈಸೂರಿಗೆ ಹೋದಾಗಲೂ ಹೀಗೇ ಓಡಾಟವಾಯಿತು. ಇನ್ನು ನಡೆಯಲಾರೆ ಎಂದು ನಾನು ಕೂತುಬಿಟ್ಟೆ, ಅವರು ಮುಖ ತಿರುಗಿಸಿದರು, ಹುಬ್ಬಳ್ಳಿ ಮುಟ್ಟುವವರೆಗೂ ಮಾತಿಲ್ಲ. ಈ ಸಲ ಅವರು ಮೀನು ಉಣ್ಣುವಾಗ ಎದುರು ಕೂತರೆ ಎಲ್ಲಿ ವಾಕರಿಕೆ ಬರುತ್ತದೋ ಎಂಬ ಹೆದರಿಕೆ ಬೇರೆ. ‘ನೀನು ಕಾರಿನಲ್ಲಿ ಕೂತಿರು’ ಅನ್ನುತ್ತಾರೆ. ಕಾರಿನಲ್ಲಿ ಕೂರುವುದಕ್ಕೆ ಅಷ್ಟು ದೂರ ಹೋಗಬೇಕೆ? ಮಗಳಿಲ್ಲದೆ ಎರಡು ದಿನ ಇಬ್ಬರೇ ಏನು ಮಾತಾಡುವುದು ಎಂಬುದೂ ತಿಳಿಯುತ್ತಿಲ್ಲ. ಅತ್ತೆ ತೀರಿಕೊಂಡ ಮೇಲೆ ಅಲ್ಲಿಯ ಮನೆ ಮಾರಿದರು, ಆಮೇಲೆ ನಾವು ಆ ಕಡೆ ಹೋಗಿಯೇ ಇಲ್ಲ. ಈಗ ಹೋಗುವುದೋ, ಬಿಡುವುದೋ?

— ಒಬ್ಬ ಓದುಗರು, ಹುಬ್ಬಳ್ಳಿ

ಉತ್ತರ: ಹೋಗಿ. ಖಂಡಿತ ಹೋಗಿ. ಆದರೆ ಹೊರಡುವ ಮೊದಲು ಆ ಪಟ್ಟಿಯನ್ನು ಇಬ್ಬರೂ ಒಟ್ಟಿಗೆ ಕೂತು ಇನ್ನೊಮ್ಮೆ ಓದಿ.

ಅದರಲ್ಲಿ ಹದಿನಾಲ್ಕು ಹೆಸರುಗಳಿವೆ. ಆ ಕರಾವಳಿಗೆ ಬರುವ ಯಾವ ಪ್ರವಾಸಿಯ ಕೈಯಲ್ಲಾದರೂ ಇರಬಹುದಾದ ಹೆಸರುಗಳು. ನಿಮ್ಮ ಯಜಮಾನರು ಹುಟ್ಟಿ ಬೆಳೆದ ಕೇರಿ ಮಾತ್ರ ಎಲ್ಲೂ ಇಲ್ಲ. ತಾಯಿ ಹೋದರು, ಮನೆ ಮಾರಿಯಾಯಿತು, ಆಮೇಲೆ ಆ ಕಡೆ ಹೋಗಿಲ್ಲ ಎಂದು ಪತ್ರದ ಕೊನೆಯಲ್ಲಿ ಒಂದೇ ಸಾಲಿನಲ್ಲಿ ಬರೆದಿದ್ದೀರಿ. ನನಗೆ ಇಡೀ ಪತ್ರದಲ್ಲಿ ಮುಖ್ಯವಾಗಿ ಕಂಡದ್ದು ಆ ಸಾಲು. ಸ್ವಂತ ಊರಿನಲ್ಲಿ ಕಾಲಿಡಲು ಒಂದು ಜಗಲಿಯೂ ಉಳಿಯದ ಮನುಷ್ಯ ಅಲ್ಲಿಗೆ ಹೋಗುವುದು ಹೇಗೆ? ಪ್ರವಾಸಿಯಾಗಿ ಹೋಗಬೇಕು. ಪ್ರವಾಸಿಗೆ ಪಟ್ಟಿ ಬೇಕು. ಜೋಗಕ್ಕೂ ಯಾಣಕ್ಕೂ ಓಡುತ್ತಿದ್ದರೆ ಆ ಕೇರಿಯ ತಿರುವು ಬಂದಾಗ ‘ಹೊತ್ತಾಯಿತು’ ಎಂದು ಮುಂದೆ ಹೋಗಬಹುದು. ಅವರು ಇದನ್ನು ತಿಳಿದೇ ಮಾಡುತ್ತಿದ್ದಾರೆಂದು ನಾನು ಹೇಳುತ್ತಿಲ್ಲ. ಇಂಥದ್ದನ್ನು ಮನಸ್ಸು ತಾನೇ ಹೂಡುತ್ತದೆ. ಮೈಸೂರಿನ ಓಟಕ್ಕೆ ಕಾರಣ ಬೇರೆ ಇದ್ದೀತು, ಈ ಸಲದ್ದಕ್ಕೆ ಇದೇ ಇರಬೇಕು ಎಂದು ನನ್ನ ಅಂದಾಜು.

ಆದ್ದರಿಂದ ಮೊದಲ ಕೆಲಸ ಒಂದು ಪ್ರಶ್ನೆ ಕೇಳುವುದು. ಪಟ್ಟಿ ಉದ್ದವಾಯಿತು, ನನ್ನಿಂದಾಗದು ಎಂದು ಶುರು ಮಾಡಬೇಡಿ. ಅಲ್ಲಿಂದ ಶುರುವಾದರೆ ಮೈಸೂರಿನ ಜಗಳವೇ ಮುಂದುವರಿಯುತ್ತದೆ. ರಾತ್ರಿ ಊಟ ಮುಗಿದ ಮೇಲೆ, ಟಿವಿ ಆರಿಸಿ, ‘ರೀ, ನಿಮ್ಮ ಊರಲ್ಲಿ ಒಂದೇ ಒಂದು ಜಾಗ ತೋರಿಸೋದಾದ್ರ ಎಲ್ಲಿಗೆ ಕರಕೊಂಡು ಹೋಗ್ತೀರಿ?’ ಎಂದು ಕೇಳಿ. ಅವರು ಶಾಲೆಯ ಹೆಸರು ಹೇಳಬಹುದು, ಹೊಳೆಯ ದಡ ಹೇಳಬಹುದು, ‘ಅಲ್ಲಿ ಏನಿದೆ, ಎಲ್ಲ ಹೋಯ್ತು’ ಎಂದು ಎದ್ದೂ ಹೋಗಬಹುದು. ಎದ್ದು ಹೋದರೆ ಹಿಂದೆ ಹೋಗಬೇಡಿ. ಪ್ರಶ್ನೆ ಅವರ ಜೊತೆ ಇರುತ್ತದೆ. ನಾಲ್ಕು ದಿನದಲ್ಲಿ ತಾವಾಗಿಯೇ ಏನಾದರೂ ಹೇಳಿಯಾರು.

ಇನ್ನು ಪ್ರಯಾಣದ ಮಾತು. ಎರಡು ರಾತ್ರಿಗೆ ಎರಡು ಹೋಟೆಲು ಮಾಡಬೇಡಿ. ಹೊನ್ನಾವರದಲ್ಲೇ ಕೋಣೆ ಹಿಡಿಯಿರಿ. ಅದು ನಡುವಿನ ಊರು: ಕುಮಟಾ ಉತ್ತರಕ್ಕೆ ಸುಮಾರು 20 ಕಿ.ಮೀ., ಭಟ್ಕಳ ದಕ್ಷಿಣಕ್ಕೆ 40 ಕಿ.ಮೀ. ಆಸುಪಾಸು. ಬ್ಯಾಗು ಬಿಚ್ಚುವುದು ಒಂದೇ ಸಲ, ಕಟ್ಟುವುದು ಒಂದೇ ಸಲ. ಶನಿವಾರ ಬೆಳಿಗ್ಗೆ ಹುಬ್ಬಳ್ಳಿ ಬಿಟ್ಟು ಯಲ್ಲಾಪುರ, ಅರಬೈಲು ಘಟ್ಟ, ಅಂಕೋಲಾ ದಾರಿಯಲ್ಲಿ ಇಳಿಯಿರಿ. ಶಿರಸಿ, ದೇವಿಮನೆ ಘಟ್ಟದ ದಾರಿಯಲ್ಲಿ ರಸ್ತೆ ಕೆಲಸ ವರ್ಷಗಳಿಂದ ನಡೆದಿದೆ, ಆ ಕಡೆ ಹೋಗುವುದಾದರೆ ಹಿಂದಿನ ದಿನ ವಿಚಾರಿಸಿಕೊಳ್ಳಿ. ಘಟ್ಟದ ತಿರುವಿನಲ್ಲಿ ನಿಮಗೆ ಹೊಟ್ಟೆ ತೊಳಸುವುದಿದ್ದರೆ ಮುಂದಿನ ಸೀಟಿನಲ್ಲಿ ಕೂತು ರಸ್ತೆಯನ್ನೇ ನೋಡಿ, ಮೊಬೈಲು ನೋಡಬೇಡಿ. ಖಾಲಿ ಹೊಟ್ಟೆಯೂ ಬೇಡ, ಎಣ್ಣೆಯ ತಿಂಡಿಯೂ ಬೇಡ. ಈ ಪ್ರವಾಸವನ್ನು ಜನವರಿಗೆ ಇಟ್ಟುಕೊಂಡದ್ದು ಒಳ್ಳೆಯದಾಯಿತು. ಮಳೆಗಾಲದಲ್ಲಿ ಆ ಹೆದ್ದಾರಿಯ ಪಕ್ಕದ ಗುಡ್ಡಗಳನ್ನು ನಂಬುವ ಹಾಗಿಲ್ಲ. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಜಾರಿ ಎಷ್ಟು ಜೀವ ಹೋಯಿತೆಂದು ನಾವೆಲ್ಲ ನೋಡಿದ್ದೇವೆ.

ಪಟ್ಟಿಯಿಂದ ಏನು ತೆಗೆಯಬೇಕು? ಜೋಗ ತೆಗೆಯಿರಿ. ಹೊನ್ನಾವರದಿಂದ ಮತ್ತೆ ಘಟ್ಟ ಹತ್ತಬೇಕು, ಹೋಗಿ ಬರುವುದರಲ್ಲೇ ದಿನ ಮುಗಿಯುತ್ತದೆ. ಅದನ್ನು ನೀವು ಹುಬ್ಬಳ್ಳಿಯಿಂದ ಬೇರೆಯಾಗಿಯೇ ನೋಡಬಹುದು. ನೇತ್ರಾಣಿಗೆ ಮುರುಡೇಶ್ವರದಿಂದ ದೋಣಿ. ನೀರಿನೊಳಗೆ ಮುಳುಗಿ ಹವಳ, ಮೀನು ನೋಡುವವರಿಗೆ ಅದು, ನಿಮ್ಮಿಬ್ಬರಿಗಲ್ಲ. ಯಾಣ, ವಿಭೂತಿ, ಗೋಕರ್ಣ, ಓಂ ಬೀಚು ಒಂದು ಗುಂಪು, ಅದಕ್ಕೇ ಇನ್ನೊಂದು ಎರಡು ದಿನ ಬೇಕು. ಗೋಕರ್ಣವನ್ನು ಗಂಟೆಯ ಲೆಕ್ಕದಲ್ಲಿ ನೋಡುವುದು ನನಗೆ ಸರಿ ಕಾಣುವುದಿಲ್ಲ. ಗೇರುಸೊಪ್ಪೆ ಬಿಡಲು ಮಾತ್ರ ನನಗೆ ಸಂಕಟವಿದೆ. ಶರಾವತಿಯ ಆಚೆ ದಡದ ನಗರಬಸ್ತಿಕೇರಿಯಲ್ಲಿ ಕಾಡಿನ ನಡುವೆ ನಾಲ್ಕು ದಿಕ್ಕಿಗೂ ಬಾಗಿಲಿರುವ ಚತುರ್ಮುಖ ಬಸದಿಯಿದೆ. ಐವತ್ತಕ್ಕೂ ಹೆಚ್ಚು ವರ್ಷ ಆ ಸೀಮೆಯನ್ನು ಆಳಿದ, ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದ ಚೆನ್ನಭೈರಾದೇವಿಯ ಊರು ಅದು. ಆದರೂ ಈ ಸಲ ಬಿಡಿ. ಉಳಿದವುಗಳನ್ನು ಬಿಡುವುದಕ್ಕೆ ಧೈರ್ಯ ಬರಬೇಕಾದರೆ ಇಷ್ಟವಾದ ಒಂದನ್ನೂ ಬಿಟ್ಟು ತೋರಿಸಬೇಕು.

ಶನಿವಾರ ಸಂಜೆ ಶರಾವತಿ ಸೇತುವೆ ದಾಟಿ ಕಾಸರಕೋಡಿಗೆ ಹೋಗಿ, ಅಷ್ಟೇ ಸಾಕು. ಅಲ್ಲಿ ಕಾಂಡ್ಲಾ ಮರಗಳ ನಡುವೆ ಅರಣ್ಯ ಇಲಾಖೆ ಮರದ ಕಾಲುದಾರಿ ಕಟ್ಟಿದೆ. ಕೆಸರಿನಿಂದ ಎದ್ದು ನಿಂತ ಬೇರುಗಳ ನಡುವೆ ನಿಧಾನ ನಡೆಯುವ ಜಾಗ. ಕಾಲು ನೋಯುವವರಿಗೂ ಕಷ್ಟವಿಲ್ಲ. ಪಕ್ಕದ ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿತು. ಕರ್ನಾಟಕದಲ್ಲಿ ಆ ವರ್ಷ ಅದು ಸಿಕ್ಕಿದ್ದು ಇದಕ್ಕೂ ಪಡುಬಿದ್ರಿಗೂ ಮಾತ್ರ. ನೀರಿಗಿಳಿಯುವ ಆಸೆಯಿದ್ದರೆ ಅಲ್ಲೇ, ಜೀವರಕ್ಷಕರ ಕಣ್ಣೆದುರಿಗೆ, ಅವರು ಗುರುತು ಹಾಕಿದ ಜಾಗದಲ್ಲೇ ಇಳಿಯಿರಿ. ಮುರುಡೇಶ್ವರದಲ್ಲಿ 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದ ಕೋಲಾರ ಜಿಲ್ಲೆಯ ನಾಲ್ವರು ಹುಡುಗಿಯರು ಅಲೆಗೆ ಸಿಕ್ಕಿ ತೀರಿಕೊಂಡರು. ಒಳನಾಡಿನವರಿಗೆ ಕಡಲ ಸೆಳೆತ ತಿಳಿಯುವುದಿಲ್ಲ. ಕರಾವಳಿಯಲ್ಲಿ ಹುಟ್ಟಿದ ನಿಮ್ಮ ಯಜಮಾನರು ‘ನಾನಿದ್ದೇನಲ್ಲ, ಬಾ’ ಎಂದರೂ ಬಾವುಟದ ಮಾತನ್ನೇ ಕೇಳಿ.

ಭಾನುವಾರ ಭಟ್ಕಳದ ಕಡೆ. ಒಂದು ಸಲಹೆ: ಕಾರನ್ನು ಹೊನ್ನಾವರದಲ್ಲೇ ಬಿಟ್ಟು ರೈಲಿನಲ್ಲಿ ಹೋಗಿ. ಹೊನ್ನಾವರ ಬಿಟ್ಟ ಸ್ವಲ್ಪ ಹೊತ್ತಿಗೆ ಕೊಂಕಣ ರೈಲು ಶರಾವತಿಯ ಮೇಲೆ 2 ಕಿ.ಮೀ.ಗೂ ಉದ್ದದ ಸೇತುವೆ ದಾಟುತ್ತದೆ. ಕಾರಿನಲ್ಲಿ ಒಬ್ಬರಿಗೆ ರಸ್ತೆಯದೇ ಗಮನ, ಇನ್ನೊಬ್ಬರಿಗೆ ದಾರಿ ತಪ್ಪುವ ಭಯ. ರೈಲಿನಲ್ಲಿ ಇಬ್ಬರಿಗೂ ಒಂದೇ ಕಿಟಕಿ. ‘ಏನು ಮಾತಾಡುವುದು’ ಎಂದು ಕೇಳಿದ್ದೀರಲ್ಲ, ಅಲ್ಲಿ ಮಾತಾಡಬೇಕೆಂದೇ ಇಲ್ಲ. ಇಪ್ಪತ್ತು ವರ್ಷ ಮಗಳ ಶಾಲೆ, ಮಗಳ ಜ್ವರ, ಮಗಳ ಶುಲ್ಕದ ಮಾತಾಡಿದವರಿಗೆ ಬೇರೆ ಮಾತು ಬರಲು ಸ್ವಲ್ಪ ಹೊತ್ತು ಬೇಕು. ಮೌನ ಬಂದ ಕೂಡಲೇ ಮಗಳಿಗೆ ವೀಡಿಯೊ ಕಾಲ್ ಮಾಡಿ ಅದನ್ನು ತುಂಬಿಸಬೇಡಿ. ರಾತ್ರಿ ಒಂದು ಸಲ ಮಾಡಿದರೆ ಸಾಕು, ಅವಳಿಗೂ ಅಷ್ಟೇ ಬೇಕಿರುವುದು. ಆ ದಾರಿಯ ಪ್ಯಾಸೆಂಜರ್ ರೈಲುಗಳ ವೇಳೆ ನೋಡಿಕೊಳ್ಳಿ. ನಿಲ್ದಾಣಗಳು ಪೇಟೆಯಿಂದ ದೂರ, ಆಟೊ ಬೇಕಾಗುತ್ತದೆ.

ಮುರುಡೇಶ್ವರಕ್ಕೆ ಬೆಳಗಿನ ಹೊತ್ತೇ ಹೋಗಿ. ಭಾನುವಾರ ಹತ್ತು ಗಂಟೆಯ ಮೇಲೆ ಅಲ್ಲಿ ನೆಮ್ಮದಿಯಿಂದ ನಿಲ್ಲಲಾಗದು. 123 ಅಡಿಯ ಶಿವ, 237 ಅಡಿಯ ರಾಜಗೋಪುರ, ಗೋಪುರದೊಳಗೆ ಲಿಫ್ಟು ಎಲ್ಲ ನಿಮಗೆ ಗೊತ್ತಿರುವುದೇ. ಆದರೆ ಭಟ್ಕಳವನ್ನು ಬಿರಿಯಾನಿಗೆ ಮಾತ್ರ ಇಟ್ಟುಕೊಂಡಿರುವುದು ಅನ್ಯಾಯ. ಮೂಡಭಟ್ಕಳದಲ್ಲಿ ವಿಜಯನಗರ ಕಾಲದ ಕೇತಪೈ ನಾರಾಯಣ ದೇವಸ್ಥಾನವಿದೆ, ಕರಿಕಲ್ಲಿನ ಗೋಡೆಯ ತುಂಬ ರಾಮಾಯಣದ ಕೆತ್ತನೆ. ಊರಿನಲ್ಲಿ ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ ಇದೆ, ನವಾಯತರ ಹಳೆಯ ಮಸೀದಿಗಳಿವೆ. ಕಡಲ ವ್ಯಾಪಾರದ ಊರೆಂದರೆ ಹೀಗಿರುತ್ತದೆ: ಜೈನರು, ವೈಷ್ಣವರು, ಅರಬರ ಸಂಬಂಧವಿದ್ದ ಮುಸಲ್ಮಾನರು ಎಲ್ಲರೂ ಒಂದೇ ಬಂದರಿನ ದುಡ್ಡಿನಲ್ಲಿ ಕಲ್ಲು ಕೆತ್ತಿಸಿದ್ದಾರೆ. ಸಂಜೆಗೆ ಭಟ್ಕಳ ಮಲ್ಲಿಗೆಯ ದಂಡೆ ಕೊಳ್ಳಿ. ಕೊಳ್ಳುವುದು ಯಜಮಾನರ ಕೆಲಸ, ಅವರು ಇದನ್ನು ಓದುತ್ತಿದ್ದರೆ ನೆನಪಿಟ್ಟುಕೊಳ್ಳಲಿ.

ಈಗ ಊಟ. ನಿಮ್ಮ ಪತ್ರದ ನಿಜವಾದ ಗಂಟು ಇದು, ಆದ್ದರಿಂದ ನೇರ ಹೇಳುತ್ತೇನೆ. ಎದುರು ಕೂತು ನೋಡಲಾರೆ ಎಂಬುದು ತಪ್ಪಲ್ಲ. ವಾಕರಿಕೆ ನಿಮ್ಮ ಮೈಯದು, ಅದಕ್ಕೆ ಮನಸ್ಸು ಅಪ್ಪಣೆ ಕೊಟ್ಟರೂ ಕೇಳುವುದಿಲ್ಲ. ಅವರಿಗೆ ಮೀನು ಬೇಕು ಎಂಬುದೂ ತಪ್ಪಲ್ಲ. ಹುಟ್ಟಿದ ಊರಿನ ರುಚಿ ಅದು. ಇಪ್ಪತ್ತಕ್ಕೂ ಹೆಚ್ಚು ವರ್ಷ ನಿಮ್ಮ ಅಡುಗೆಮನೆಗೆ ಅದನ್ನು ತಾರದೆ ಇದ್ದಾರಲ್ಲ, ಅದು ಸಣ್ಣ ತ್ಯಾಗವಲ್ಲ ಎಂಬುದನ್ನು ಮರೆಯಬೇಡಿ. ನನಗೆ ಬೇಸರವಾದದ್ದು ಅವರು ಎಲೆ ಅಡಿಕೆ ಹಾಕಿಕೊಂಡು ಬರುವುದನ್ನು ಓದಿ. ಮೀನು ತಿಂದದ್ದಕ್ಕಲ್ಲ, ತಿಂದದ್ದನ್ನು ಮುಚ್ಚಿಡಬೇಕಾಗಿ ಬಂದದ್ದಕ್ಕೆ. ಆ ಮುಚ್ಚುಮರೆ ಅವರನ್ನು ಸ್ವಂತ ಊರಿನಲ್ಲೂ ಹಿಂಬಾಲಿಸಬಾರದು. ಅದಕ್ಕೆ ನೀವೇ ಬಾಯಿಬಿಟ್ಟು ಹೇಳಬೇಕು: ‘ನೀವು ಹೊಟ್ಟೆ ತುಂಬ ಮೀನು ಊಟ ಮಾಡಿ, ನಾನು ಬೇರೆ ಹೋಟೆಲಿನಲ್ಲಿ ಉಣ್ಣುತ್ತೇನೆ, ಒಂದು ಗಂಟೆ ಬಿಟ್ಟು ಸೇರೋಣ.’ ಕಾರಿನಲ್ಲಿ ಕಾಯುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿದೆ. ಕಾರಿನಲ್ಲಿ ಕೂತವರಿಗೆ ಶಿಕ್ಷೆ, ಒಳಗೆ ಉಣ್ಣುವವರಿಗೆ ಗಡಿಬಿಡಿ. ಮೀನೂಟದ ಹೋಟೆಲಿನಲ್ಲೇ ನಿಮಗೊಂದು ಸಸ್ಯಾಹಾರಿ ಊಟ ಕೊಡುತ್ತಾರೆ, ನಿಜ. ಆದರೆ ಅಡುಗೆಮನೆ ಒಂದೇ, ವಾಸನೆಯೂ ಒಂದೇ. ದಾಕ್ಷಿಣ್ಯಕ್ಕೆ ಕೂತು ಎರಡು ತುತ್ತು ಬಿಟ್ಟು ಏಳುವುದಕ್ಕಿಂತ ಬೇರೆ ಹೋಗುವುದೇ ಮೇಲು.

ಅವರ ಮೀನೂಟ ಮಧ್ಯಾಹ್ನವೇ ಆಗಲಿ. ಬೆಳಿಗ್ಗೆ ದಡಕ್ಕೆ ಬಂದ ಬಂಗಡೆ, ಇಸವಣ, ಸಿಗಡಿ ತಟ್ಟೆಗೆ ಬರುವುದು ಆ ಹೊತ್ತಿಗೆ. ಭಟ್ಕಳದ ಬಿರಿಯಾನಿಯೂ ಹಾಗೆಯೇ, ಈರುಳ್ಳಿಯನ್ನು ಧಾರಾಳ ಹಾಕಿ ಬಾಡಿಸಿದ ಮಸಾಲೆ ಒಂದು ಪದರ, ಅನ್ನ ಒಂದು ಪದರ. ಶ್ಯಾವಿಗೆಯಲ್ಲೂ ನವಾಯತರು ಬಿರಿಯಾನಿ ಮಾಡುತ್ತಾರೆ, ಸಿಕ್ಕರೆ ಅವರು ಬಿಡದಿರಲಿ. ರಾತ್ರಿಯ ಊಟ ಎರಡೂ ದಿನ ಇಬ್ಬರೂ ಒಟ್ಟಿಗೆ, ನಿಮಗೆ ಒಗ್ಗುವಲ್ಲಿ.

ಕರಾವಳಿಯ ಊಟವೆಂದರೆ ಅವರದು, ನಾನು ಹೊರಗಿನವಳು ಎಂದು ನೀವು ಅಂದುಕೊಂಡಿದ್ದೀರಿ. ಹಾಗೇನೂ ಇಲ್ಲ. 1340ರ ದಶಕದಲ್ಲಿ ಮೊರಾಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತಾ ಹೊನ್ನಾವರಕ್ಕೆ ಬಂದಿದ್ದ. ಅಲ್ಲಿಯ ಸುಲ್ತಾನ ಜಮಾಲುದ್ದೀನನ ಮನೆಯ ಊಟವನ್ನು ಬಡಿಸಿದ ಕ್ರಮದಲ್ಲೇ ಬರೆದಿಟ್ಟಿದ್ದಾನೆ. ಮೊದಲು ಅನ್ನ, ತುಪ್ಪ, ಜೊತೆಗೆ ಉಪ್ಪಿನಲ್ಲಿಟ್ಟ ಮೆಣಸು, ಶುಂಠಿ, ನಿಂಬೆ, ಮಾವು. ಆಮೇಲೆ ಕೋಳಿ, ಆಮೇಲೆ ಮೀನು. ಅದಾದ ಮೇಲೆ ತುಪ್ಪದಲ್ಲಿ ಬೇಯಿಸಿದ ತರಕಾರಿ, ಕೊನೆಗೆ ಮೊಸರು. ನಡುವಿನ ಎರಡನ್ನು ತೆಗೆದರೂ ಊಟದ ಆರಂಭವೂ ಮುಕ್ತಾಯವೂ ನಿಮ್ಮವೇ. ಇವತ್ತಿಗೂ ಹೊನ್ನಾವರ, ಕುಮಟಾ ಕಡೆಯ ಹವ್ಯಕರ ಮನೆಗಳಲ್ಲಿ ಅಪ್ಪೆಹುಳಿ, ಬಗೆಬಗೆಯ ತಂಬುಳಿ, ಕಬ್ಬಿನ ಹಾಲಿನಲ್ಲಿ ಹಿಟ್ಟು ಕಲಸಿ ಬೋರಲು ಮಡಕೆಯ ಮೇಲೆ ಕಾಗದದಷ್ಟು ತೆಳ್ಳಗೆ ತೆಗೆಯುವ ತೊಡದೇವು ಇವೆ. ರೊಟ್ಟಿ, ಪುಂಡಿಪಲ್ಯದ ನಾಲಿಗೆಗೆ ಇದು ಹೊಸ ಸಂತೋಷ. ಬೆಳಗಿನ ತಿಂಡಿಗೆ ಬಾಳೆಹಣ್ಣಿನ ಬನ್ಸ್ ಕೇಳಿ, ಬಿಸಿಲಿಗೆ ಮುರುಗಲು ಹಣ್ಣಿನ ಪಾನಕ. ಇವುಗಳನ್ನು ಹುಡುಕುವ ಕೆಲಸ ನೀವು ವಹಿಸಿಕೊಳ್ಳಿ. ಮಧ್ಯಾಹ್ನದ ಆ ಒಂದು ಗಂಟೆಯಲ್ಲಿ ನೀವು ಏನು ತಿಂದಿರಿ, ಅವರು ಏನು ತಿಂದರು ಎಂಬುದೇ ಸಂಜೆಗೆ ಮಾತಾಗುತ್ತದೆ.

ಈ ಭಾಗವನ್ನು ಯಜಮಾನರಿಗೆ ಓದಿ ಹೇಳಿ. ಸ್ವಾಮಿ, ‘ಒಂದೇ ಒಂದ್ಸಲ ಬಾಯಿಗೆ ಹಾಕಿ ನೋಡು’ ಎಂದು ಇವರಿಗೆ ಹೇಳಬೇಡಿ, ಪ್ರೀತಿಯಿಂದಲೂ ಬೇಡ. ಹೋಟೆಲಿನವರ ಮುಂದೆ ‘ನಮ್ಮ ಮನೆಯವಳು ಪುಳಿಚಾರು’ ಎಂದು ನಗುವುದೂ ಬೇಡ. ಇವರು ನಿಮ್ಮ ಊಟಕ್ಕೆ ದಾರಿ ಬಿಟ್ಟುಕೊಟ್ಟ ಹಾಗೆ ನೀವು ಇವರ ಕಾಲಿಗೆ ದಾರಿ ಬಿಡಿ. ದಣಿವಾಯಿತು ಎಂದರೆ ಅದು ನಿಮ್ಮ ಊರನ್ನು ತಿರಸ್ಕರಿಸಿದ್ದಲ್ಲ.

ಭಾನುವಾರ ರಾತ್ರಿ ಹತ್ತಿರದಲ್ಲೆಲ್ಲಾದರೂ ಆಟ ಇದೆಯೇ ಎಂದು ವಿಚಾರಿಸಿ. ಜನವರಿ ಯಕ್ಷಗಾನದ ಕಾಲ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮಹಾಗಣಪತಿಯ ಹೆಸರಿನಲ್ಲಿ ಮೇಳ ಕಟ್ಟಿದ್ದು ಇದೇ ಹೊನ್ನಾವರ ತಾಲ್ಲೂಕಿನ ಗುಣವಂತೆಯಲ್ಲಿ. ಇಡೀ ರಾತ್ರಿ ಕೂರಬೇಕಿಲ್ಲ, ಒಂದು ತಾಸು ಕೂತು ಎದ್ದು ಬಂದರೂ ಆಯಿತು. ಚಂಡೆಯ ಪೆಟ್ಟು ಬಿದ್ದಾಗ ನಿಮ್ಮ ಯಜಮಾನರ ಮುಖ ನೋಡಿ. ಅವರ ಬಾಲ್ಯದ ಒಂದು ತುಣುಕು ಅಲ್ಲಿ ನಿಮಗೆ ಕಾಣಬಹುದು.

ಸೋಮವಾರ ಪೂರ್ತಿ ಕುಮಟಾಕ್ಕೆ. ಆ ದಿನ ಗೊತ್ತುಮಾಡಿದ ಕಾರ್ಯಕ್ರಮ ಏನೂ ಬೇಡ. ಕುಮಟಾಕ್ಕೆ ಹೋಗಿ, ಅಘನಾಶಿನಿಯ ಕಡೆ ತಿರುಗಿ, ಅವರು ಎಲ್ಲಿ ಕಾರು ನಿಲ್ಲಿಸುತ್ತಾರೋ ಅಲ್ಲಿ ಇಳಿಯಿರಿ. ಶರಾವತಿಗೆ ಲಿಂಗನಮಕ್ಕಿಯಲ್ಲಿ, ಗೇರುಸೊಪ್ಪೆಯಲ್ಲಿ ಅಣೆಕಟ್ಟುಗಳಿವೆ. ಅಘನಾಶಿನಿ ಶಿರಸಿಯ ಕಡೆ ಹುಟ್ಟಿ ಒಂದೂ ಅಣೆಕಟ್ಟಿಲ್ಲದೆ ಕಡಲು ಸೇರುತ್ತದೆ. ಅದರ ಅಳಿವೆಯನ್ನು 2024ರಲ್ಲಿ ರಾಮ್ಸರ್ ತಾಣವೆಂದು ಘೋಷಿಸಿದರು. ಅಲ್ಲಿಯ ಗಜನಿ ಗದ್ದೆಗಳಲ್ಲಿ ಉಪ್ಪುನೀರು ನಿಂತರೂ ಸಾಯದ ಕಗ್ಗ ಭತ್ತ ಬೆಳೆಯುತ್ತಾರೆ, ಕೊಯ್ಲಾದ ಮೇಲೆ ಅದೇ ಗದ್ದೆಗೆ ಹೊಳೆ ನೀರು ಬಿಟ್ಟು ಮೀನು, ಸಿಗಡಿ ಹಿಡಿಯುತ್ತಾರೆ. ನೀರಿಳಿದಾಗ ಹೆಂಗಸರು, ಗಂಡಸರು ಕೆಸರಿನಲ್ಲಿ ಬಳಚು ಚಿಪ್ಪು ಹೆಕ್ಕುತ್ತಾರೆ. ಯಜಮಾನರು ಹುಡುಗನಾಗಿದ್ದಾಗ ಆ ಕೆಸರಿಗೆ ಇಳಿದಿದ್ದರೇ? ಕಗ್ಗದ ಗಂಜಿ ಉಂಡಿದ್ದರೇ? ನಿಮ್ಮ ಅತ್ತೆ ಮೀನು ತೊಳೆಯುತ್ತಿದ್ದದ್ದು ಯಾವ ಬಾವಿಯ ಕಟ್ಟೆಯಲ್ಲಿ? ಅನ್ನ, ಮೀನು ಎರಡೂ ಒಂದೇ ಗದ್ದೆಯಿಂದ ಬರುವ ಊರನ್ನು ಕಣ್ಣಾರೆ ನೋಡಿದ ಮೇಲೆ, ಆ ಮನುಷ್ಯನಿಗೆ ಮೀನು ಏನೆಂಬುದು ನಾಲಿಗೆಗೆ ತಾಗಿಸದೆಯೂ ನಿಮಗೆ ಅರ್ಥವಾದೀತು.

ಮಾರಿದ ಮನೆಯ ಮುಂದೆ ನಿಲ್ಲಬೇಕೆಂದು ಒತ್ತಾಯ ಮಾಡಬೇಡಿ. ಅವರೇ ನಿಂತರೆ ಪಕ್ಕದಲ್ಲಿ ನಿಲ್ಲಿ. ‘ಮಾರಬಾರದಿತ್ತು’ ಎಂದಾಗಲಿ ‘ಆದದ್ದಾಯಿತು’ ಎಂದಾಗಲಿ ಹೇಳಬೇಡಿ. ಅವರಿಗೆ ಕಣ್ಣೀರು ಬಂದರೆ ಬರಲಿ. ಅಲ್ಲಿ ಅವರು ಸಿಡುಕಬಹುದು, ಯಾವುದೋ ಸಣ್ಣ ಕಾರಣಕ್ಕೆ ನಿಮ್ಮ ಮೇಲೆ ರೇಗಬಹುದು. ಮೈಸೂರಿನಲ್ಲಿ ಮಾಡಿದ ಹಾಗೆ ನೀವೂ ಬಾಯಿ ಕಟ್ಟಿಕೊಳ್ಳಬೇಡಿ. ‘ಈಗ ಬೇಡ, ಚಹಾ ಕುಡಿದು ಮಾತಾಡೋಣ’ ಎಂದು ಹೇಳಿ ಎಲ್ಲಾದರೂ ಕೂತುಬಿಡಿ.

ಹೊತ್ತು ಉಳಿದರೆ ಮಾತ್ರ ಹಿಂತಿರುಗುವ ದಾರಿಯಲ್ಲಿ ಮಿರ್ಜಾನ್ ಕೋಟೆ. ಹೆದ್ದಾರಿಯ ಪಕ್ಕದಲ್ಲೇ ಇದೆ, ಕೆಂಪು ಜಂಬಿಟ್ಟಿಗೆಯ ಗೋಡೆ, ಸುತ್ತ ಕಂದಕ, ಒಂದು ಗಂಟೆ ಸಾಕು. ಬೆಳಕಿರುವಾಗಲೇ ಘಟ್ಟ ಹತ್ತಬೇಕು. ಆದರೆ ಅವರ ಕೇರಿಯಲ್ಲಿ ಹಳಬರು ಯಾರಾದರೂ ಗುರುತು ಹಿಡಿದು ‘ಉಂಡೇ ಹೋಗಬೇಕು’ ಎಂದು ಕೂರಿಸಿಕೊಂಡರೆ ಕೋಟೆಯನ್ನು ಬಿಡಿ. ನಿಮ್ಮ ಎಲೆಗೆ ಅನ್ನ, ಮೊಸರು, ಉಪ್ಪಿನಕಾಯಿ ಕೇಳಿ ಹಾಕಿಸಿಕೊಳ್ಳಿ, ಅವರಿಗೆ ಬೇಸರವಾಗದು. ಹಾಗೇನಾದರೂ ಆದರೆ ಅಂದು ರಾತ್ರಿ ಕುಮಟಾದಲ್ಲೇ ಉಳಿದು ಬೆಳಿಗ್ಗೆ ಹೊರಡಬೇಕಾದೀತು, ಮಂಗಳವಾರಕ್ಕೂ ಈಗಲೇ ರಜೆ ಹೇಳಿಟ್ಟಿರಲಿ.